ಹನ್ನೊಂದೂ ಕಾಲು ಇಂಚು

ಜೂನ್ 1

ನೀರು ಪರೀಕ್ಷಾ ಕೇಂದ್ರದ ಹಿರಿಯ ಅಧಿಕಾರಿಣಿ ಮೇಡಂ ಅವರ ಸನ್ನಿಧಾನಕ್ಕೆ,

ಮೊದಲನೇ ಪಕ್ಷದವನಾದ ಟೈಲರ್, ಅಂದರೆ ಹೋದ ಮಾರ್ಚ್‌ವರೆಗೆ ತಮ್ಮ ಗಂಡನಾಗಿದ್ದವನು, ಮಾಡುವ ವಿಜ್ಞಾಪನೆಗಳು.

ತಮ್ಮ ಸೋದರಮಾವನೂ ವಕೀಲರೂ ಆದ ಮಹನೀಯರು ಬರೆದುಕೊಟ್ಟ ಒಪ್ಪಂದದ ಆರನೇ ನಿಬಂಧನೆಯಂತೆ, ಪ್ರತಿ ತಿಂಗಳ ಒಂದನೇ ತಾರೀಖು ಮೀನಿನ ಉದ್ದವನ್ನು ನಾನು ಬರವಣಿಗೆಯಲ್ಲಿ ತಿಳಿಸತಕ್ಕದ್ದು. ಫೋನು ಕೂಡದು, ಏಕೆಂದರೆ ಫೋನಿನಲ್ಲಿ ನಾವು ಜಗಳ ಆಡುತ್ತೇವೆ. ಫೋಟೋ ಕೂಡದು, ಏಕೆಂದರೆ ಫೋಟೋದಲ್ಲಿ ಮೀನನ್ನು ಎಳೆದು ಉದ್ದ ಮಾಡಬಹುದು, ಅಮುಕಿ ಗಿಡ್ಡ ಮಾಡಬಹುದು ಎಂದು ಮಾವನವರ ಗುಮಾನಿ. ಮೀನು ಒಂದು ಅಡಿ ಆದ ದಿನ ಅದು ತಮ್ಮದು. ಅಷ್ಟರೊಳಗೆ ತಾವು ಅಲ್ಲಿ ದೊಡ್ಡ ತೊಟ್ಟಿ ಮಾಡಿಸಿಕೊಳ್ಳತಕ್ಕದ್ದು. ಏಳನೇ ನಿಬಂಧನೆ: ಮೀನು ತಮ್ಮ ಕೈಸೇರಿದ ದಿನದಿಂದ ಉಭಯ ಪಕ್ಷದವರೂ ಪತ್ರವ್ಯವಹಾರ ನಿಲ್ಲಿಸತಕ್ಕದ್ದು. ಇಪ್ಪತ್ತೊಂದು ವರ್ಷದ ಸಂಸಾರದಲ್ಲಿ ನಾವಿಬ್ಬರೂ ಒಟ್ಟಿಗೆ ಕೂತು, ಒಂದೇ ಪೆನ್ನಿನಲ್ಲಿ, ಜಗಳವಿಲ್ಲದೆ ಸಹಿ ಹಾಕಿದ ಕಾಗದ ಅದೊಂದೇ.

ತಾವು ಅನ್ನುವುದು ಇಲ್ಲಿಗೆ ಸಾಕು. ನಾಲಿಗೆ ತೊಡರುತ್ತದೆ.

ಹೆಡ್‌ಮಾಸ್ತರರು ಕ್ಷೇಮ. ಬೆರಳುದ್ದದ ಆಸ್ಕರ್ ಮೀನನ್ನು ಪ್ಲಾಸ್ಟಿಕ್ ಚೀಲದಲ್ಲಿ ತಂದು ಈ ಹೆಸರಿಟ್ಟವಳು ನೀನೇ, ಆ ದಪ್ಪ ತುಟಿ ಮತ್ತು ಎಲ್ಲರನ್ನೂ ಬೆಂಚಿನ ಮೇಲೆ ನಿಲ್ಲಿಸುವಂಥ ಆ ನೋಟ ಕಂಡು. ಜೊತೆಗಿರಲಿ ಎಂದು ಹನ್ನೆರಡು ಪುಟಾಣಿ ಮೀನು ಬಿಟ್ಟಿದ್ದೆವಲ್ಲ, ಒಂದು ವಾರದಲ್ಲಿ ಹನ್ನೆರಡೂ ಮಕ್ಕಳು ಹೆಡ್‌ಮಾಸ್ತರರ ಹೊಟ್ಟೆಯಲ್ಲಿ ಪಾಸಾದವು. ಬೇಟೆ ಮೀನು ಎಂದು ಅಂಗಡಿಯವನು ಹೇಳಿದ್ದನ್ನು ನಾನು ತಮಾಷೆ ಅಂದುಕೊಂಡಿದ್ದೆ. ಈಗ ತೊಟ್ಟಿ ಅಂಗಡಿಯಲ್ಲೇ, ಬಟ್ಟೆ ಕತ್ತರಿಸುವ ಮೇಜಿಗೂ ಟ್ರಯಲ್ ರೂಮಿನ ಪರದೆಗೂ ನಡುವೆ ಇದೆ. ಹೊಸ ಪ್ಯಾಂಟು ಹಾಕಿ ಹೊರಬಂದ ಗಿರಾಕಿ ಮೊದಲು ಕನ್ನಡಿ ನೋಡುತ್ತಾನೆ, ಆಮೇಲೆ ಹೆಡ್‌ಮಾಸ್ತರರ ಮುಖ ನೋಡುತ್ತಾನೆ, ಆಮೇಲೆ ಹೊಟ್ಟೆ ಒಳಗೆಳೆದುಕೊಳ್ಳುತ್ತಾನೆ.

ಉದ್ದ: ಒಂಬತ್ತು ಇಂಚು.

ಇತಿ,
ಮೂವತ್ತು ವರ್ಷದಲ್ಲಿ ಒಂದೇ ಒಂದು ಅಳತೆ ತಪ್ಪದ,
ಟೈಲರ್


ಜೂನ್ 9

ಟೈಲರ್ ಸಾಹೇಬರಿಗೆ,

ಪತ್ರ ತಲುಪಿತು. ಮೂರು ಪದದ ವರದಿಗೆ ಎರಡು ಪುಟ ಖರ್ಚು ಮಾಡಿದ್ದೀರಿ. ಬಟ್ಟೆಯಲ್ಲೂ ಇಷ್ಟು ಧಾರಾಳ ತೋರಿಸಿದ್ದರೆ ನಿಮ್ಮ ಗಿರಾಕಿಗಳು ಹೊಟ್ಟೆ ಒಳಗೆಳೆದುಕೊಳ್ಳಬೇಕಾಗಿರಲಿಲ್ಲ.

ಗಮನಿಸಬೇಕಾದ್ದು ಇಷ್ಟು. ಪ್ರತಿ ಭಾನುವಾರ ತೊಟ್ಟಿಯ ಕಾಲು ಭಾಗ ನೀರು ಬದಲಾಯಿಸಿ. ನಲ್ಲಿ ನೀರನ್ನು ನೇರವಾಗಿ ಸುರಿಯಬೇಡಿ, ಅದರಲ್ಲಿ ಕ್ಲೋರಿನ್ ಇರುತ್ತದೆ. ಮನುಷ್ಯರಿಗೆ ಆಗುತ್ತದೆ, ಮೀನಿಗೆ ಆಗುವುದಿಲ್ಲ. ಡ್ರಮ್ಮಿನಲ್ಲಿ ಒಂದು ದಿನವಾದರೂ ಬಿಟ್ಟು ಆಮೇಲೆ ಹಾಕಿ. ಬೆಳಿಗ್ಗೆ ಮೀನಿನ ಕಾಳು, ಸಂಜೆ ಸೀಗಡಿ. ನಿಮ್ಮ ತಿಂಡಿಯ ಚೂರು ಎಸೆಯಬೇಡಿ. ಅದು ಕೈಯೊಡ್ಡಿದವರನ್ನೆಲ್ಲ ನಂಬುತ್ತದೆ, ಅಷ್ಟೇ ಅದರ ದಡ್ಡತನ.

ಈ ವಯಸ್ಸಿನಲ್ಲಿ ತಿಂಗಳಿಗೆ ಅರ್ಧ, ಮುಕ್ಕಾಲು ಇಂಚು ಬೆಳೆಯಬೇಕು. ದೊಡ್ಡ ತೊಟ್ಟಿಗೆ ಗಾಜಿನವನಿಗೆ ಹೇಳಿದ್ದೇನೆ.

ಎರಡನೇ ಪಕ್ಷದವಳು


ಆಗಸ್ಟ್ 1

ಎರಡನೇ ಪಕ್ಷದ ಮೇಡಂ ಅವರಿಗೆ,

ಉದ್ದ: ಹತ್ತೂ ಕಾಲು ಇಂಚು. ಮೊದಲೇ ಬರೆದುಬಿಟ್ಟೆ, ಮೂರು ಪದಕ್ಕೆ ಎರಡು ಪುಟ ಅನ್ನುವ ಆಪಾದನೆ ಈ ಸಲ ಬಾರದಿರಲಿ. ಮುಂದಿನದೆಲ್ಲ ಬಿಟ್ಟಿ.

ಅಂಗಡಿಯಲ್ಲಿ ಎಲ್ಲರಿಗೂ ಈಗ ಇದೇ ಕಥೆ. ಒಂದನೇ ತಾರೀಖು ಬಂತೆಂದರೆ ನಾನು ಟೇಪು ಹಿಡಿದು ತೊಟ್ಟಿಯ ಮುಂದೆ ನಿಲ್ಲುತ್ತೇನೆ, ಇಸ್ತ್ರಿಯವನು ತನ್ನ ಕೆಲಸ ಬಿಟ್ಟು ಬರುತ್ತಾನೆ, ಪಕ್ಕದ ಚಪ್ಪಲಿ ಅಂಗಡಿಯವನು ಬಾಗಿಲಲ್ಲಿ ಒರಗುತ್ತಾನೆ. ಹೆಡ್‌ಮಾಸ್ತರರು ನೇರ ನಿಲ್ಲಬೇಕಲ್ಲ, ಅದೇ ಕಷ್ಟ. ಮದುವೆ ಸೂಟಿನ ಅಳತೆಗೆ ಬಂದ ವರ ಕೂಡ ಇಷ್ಟು ಕುಣಿದಿದ್ದಿಲ್ಲ. ಕೊನೆಗೆ ಒಂದು ಕಾಳನ್ನು ನೀರಿನ ಮೇಲೆ ಹಿಡಿದು, ಅದನ್ನು ನೋಡುತ್ತ ಅವರು ಒಂದು ಕ್ಷಣ ಸ್ತಬ್ಧರಾದಾಗ ಅಳತೆ ತೆಗೆದೆ.

ಕಾಜಾ ಅಕ್ಕ ಮಾತ್ರ ತಲೆಯೆತ್ತಲಿಲ್ಲ. ನಿನಗೆ ಗೊತ್ತಲ್ಲ, ಗುಂಡಿಯ ಕಾಜಾ ಹೊಲಿಯುವಾಗ ಅವಳು ಭೂಕಂಪವಾದರೂ ದಾರ ಮುಗಿಸಿಯೇ ಏಳುವವಳು. ದಾರ ಕಚ್ಚಿ ತುಂಡು ಮಾಡಿ ಹೇಳಿದಳು:

“ಈ ಲೆಕ್ಕದಲ್ಲಿ ವರ್ಷ ತುಂಬೋದ್ರೊಳಗೆ ಅದು ಹೋಯ್ತು ಬಿಡು. ಆಮೇಲೆ ಯಾರಿಗೆ ಬರೀತೀಯ? ನಂಗೇ ಬರಿ. ಓದಕ್ಕೆ ಬರಲ್ಲ, ಆದ್ರೆ ಮಡಚಿ ಇಟ್ಕೋತೀನಿ.”

ಎಲ್ಲರೂ ನಕ್ಕರು. ನಾನೂ ನಕ್ಕೆ.

ಇತಿ,
ನಿಬಂಧನೆಗೆ ತಲೆಬಾಗಿದ,
ಟೈಲರ್


ಆಗಸ್ಟ್ 10

ಟೈಲರ್ ಸಾಹೇಬರಿಗೆ,

ಗಾಜಿನವನು ಬಂದು ಅಳೆದು ಹೋದ. ಆರು ಅಡಿ ಉದ್ದ, ಎರಡು ಅಡಿ ಅಗಲ. ಇಲ್ಲಿ ನನಗಿರುವುದು ಸೈಕಲ್ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆ. ಮುಂದಿನ ಕೋಣೆ ತೊಟ್ಟಿಗೆ, ಹಿಂದಿನದು ನನಗೆ. ಕೆಳಗಿನ ಸೈಕಲ್‌ನವರು ಬಂದು, “ಇಷ್ಟು ನೀರು ನಮ್ಮ ತಲೆ ಮೇಲೆ ನಿಲ್ಲತ್ತಾ ಅಮ್ಮಾ?” ಎಂದು ಕೇಳಿದರು. ಗೋಡೆಗೆ ಒತ್ತಿ ಕಬ್ಬಿಣದ ಸ್ಟ್ಯಾಂಡ್ ಹಾಕಿಸುತ್ತೇನೆ, ನಿಮ್ಮ ತಲೆಗೆ ನಾನು ಜವಾಬ್ದಾರಿ ಎಂದೆ. ಅವರು ಟೋಪಿ ತೆಗೆದು ತಲೆ ಮುಟ್ಟಿ ನೋಡಿಕೊಂಡು ಇಳಿದು ಹೋದರು.

ನಿಮ್ಮ ಮೂರು ಅಡಿಯ ತೊಟ್ಟಿಯಲ್ಲಿ ಅದು ಸರಾಗವಾಗಿ ತಿರುಗುವುದಕ್ಕೂ ಆಗುವುದಿಲ್ಲ. ಇಲ್ಲಿ ಈಜಬಹುದು.

ಕಾಜಾ ಅಕ್ಕನಿಗೆ ನನ್ನ ನಮಸ್ಕಾರ ತಿಳಿಸಿ. ಆ ಅಂಗಡಿಯಲ್ಲಿ ನೇರ ಮಾತಾಡುವವರು ಅವರೊಬ್ಬರೇ.

ಎರಡನೇ ಪಕ್ಷದವಳು


ಅಕ್ಟೋಬರ್ 1

ಮೇಡಂ,

ಉದ್ದ: ಹನ್ನೊಂದು ಇಂಚು.

ಮಾವನವರಿಗೆ ಗುಮಾನಿ ಬಾರದಿರಲೆಂದು ಅಳೆಯುವ ವಿಧಾನವನ್ನೂ ದಾಖಲಿಸುತ್ತಿದ್ದೇನೆ. ಹಳದಿ ಟೇಪನ್ನು ತೊಟ್ಟಿಯ ಹೊರಗಾಜಿಗೆ ಅಡ್ಡಲಾಗಿ ಅಂಟಿಸಿದ್ದೇನೆ, ಎರಡೂ ತುದಿಗೆ ಅಂಟುಪಟ್ಟಿ, ಒಂದು ನೂಲೂ ಜೋತಾಡುವುದಿಲ್ಲ. ಹೆಡ್‌ಮಾಸ್ತರರು ಅದರ ಹಿಂದೆ ಬಂದು ನಿಂತಾಗ ಮೂತಿಯಿಂದ ಬಾಲದ ತುದಿಯವರೆಗೆ ಓದಿಕೊಳ್ಳುವುದು. ಮೂರು ಸಲ ಓದಿ, ಮೂರೂ ಒಂದೇ ಬಂದರೆ ಮಾತ್ರ ಬರೆಯುವುದು. ಸಾಕ್ಷಿ: ಇಸ್ತ್ರಿಯವನು.

ಇನ್ನೊಂದು ವಿಷಯ. ನಿಬಂಧನೆಗೆ ಹೊರಗಿನದು, ಬೇಡವಾದರೆ ಓದಬೇಡ. ಬಿಳಿ ಡ್ರಿಲ್ ಬಟ್ಟೆಯ ಒಂದು ತುಂಡು ಉಳಿದಿದೆ, ಲ್ಯಾಬಿನಲ್ಲಿ ಹಾಕುವ ಕೋಟಿಗೆ ಸರಿಯಾಗಿ ಸಾಲುತ್ತದೆ. ಭುಜ, ತೋಳು, ಎದೆ ಎಲ್ಲ ನನಗೆ ಬಾಯಿಪಾಠ, ಅಳತೆ ಕಳಿಸುವ ತೊಂದರೆ ನಿನಗಿಲ್ಲ. ಒಳಗೆ ಎರಡು ಇಂಚು ಮಡಚಿ ಬಿಡುತ್ತೇನೆ, ದಪ್ಪ ಆದರೆ ಬಿಚ್ಚಿಕೊಳ್ಳಬಹುದು.

ಇತಿ,
ಟೈಲರ್


ಅಕ್ಟೋಬರ್ 12

ಟೈಲರ್ ಸಾಹೇಬರಿಗೆ,

ಕೋಟು ಬೇಡ. ಇಲಾಖೆಯಿಂದಲೇ ರೆಡಿಮೇಡ್ ಕೊಟ್ಟಿದ್ದಾರೆ. ಭುಜ ಜಾರುತ್ತದೆ, ತೋಳು ಬೆರಳು ಮುಚ್ಚುತ್ತದೆ. ಮಡಚಿಕೊಳ್ಳುತ್ತೇನೆ. ನಿಮಗೆ ಬಾಯಿಪಾಠವಿರುವುದು ಹೋದ ವರ್ಷದ ನನ್ನ ಅಳತೆ.

ತೊಟ್ಟಿ ಬಂದಿದೆ. ಗಾಜಿನ ಅಂಟು ಒಣಗಿದೆ. ನೀರು ತುಂಬಿಸಿ ಫಿಲ್ಟರ್ ಓಡಿಸುತ್ತಿದ್ದೇನೆ.

ಎರಡು ಪ್ರಶ್ನೆ. ಅಳತೆ ಓದುವಾಗ ನಿಮ್ಮ ಕಣ್ಣು ಗಾಜಿನಿಂದ ಎಷ್ಟು ದೂರ ಇರುತ್ತದೆ? ಮೀನು ಗಾಜಿನಿಂದ ಎಷ್ಟು ಒಳಗೆ ನಿಂತಿರುತ್ತದೆ? ಬರೀ ಕುತೂಹಲ.

ಎರಡನೇ ಪಕ್ಷದವಳು


ನವೆಂಬರ್ 1

ಮೇಡಂ,

ಉದ್ದ: ಹನ್ನೊಂದು ಇಂಚು. ಈ ತಿಂಗಳು ಏರಿಕೆ ಇಲ್ಲ. ಹೆಡ್‌ಮಾಸ್ತರರ ಬಡ್ತಿ ತಡೆಹಿಡಿಯಲಾಗಿದೆ.

ಪ್ರಶ್ನೆ ಒಂದಕ್ಕೆ ಉತ್ತರ: ಒಂದೂವರೆ ಅಡಿ. ಇನ್ನೂ ಹತ್ತಿರ ಹೋದರೆ ಅವರು ನನ್ನ ಮೂಗನ್ನು ಸೀಗಡಿ ಅಂದುಕೊಂಡು ಗಾಜಿಗೆ ಹಾಯುತ್ತಾರೆ. ಪ್ರಶ್ನೆ ಎರಡಕ್ಕೆ ಉತ್ತರ: ನಾಲ್ಕು ಇಂಚು ಒಳಗೆ. ದೊಡ್ಡವರಲ್ಲವೇ, ಗೋಡೆಗೆ ಒರಗಿ ನಿಲ್ಲುವುದಿಲ್ಲ. ಪರೀಕ್ಷೆಯಲ್ಲಿ ಪಾಸಾದೆನೋ ಇಲ್ಲವೋ ತಿಳಿಸು.

ಇತಿ,
ಟೈಲರ್


ನವೆಂಬರ್ 9

ಟೈಲರ್ ಸಾಹೇಬರಿಗೆ,

ತಿಳಿಯಿತು. ಅಳತೆಯ ಕ್ರಮ ಸರಿಯಾಗಿಯೇ ಇದೆ. ಹಾಗೇ ಮುಂದುವರಿಸಿ.

ಎರಡನೇ ಪಕ್ಷದವಳು


ಡಿಸೆಂಬರ್ 1

ಮೇಡಂ,

ಉದ್ದ: ಹನ್ನೊಂದೂ ಕಾಲು ಇಂಚು. ಬಾಲದ ತುದಿ ಎಳೆದು ಬಿಟ್ಟ ಹಾಗೆ ಒಂದು ಕಾಲಿಂಚು.

ಯಾಕೆ ಬೆಳೆಯುತ್ತಿಲ್ಲವೆಂದು ಅಂಗಡಿಯಲ್ಲಿ ದೊಡ್ಡ ವಿಚಾರಗೋಷ್ಠಿ ನಡೆಯಿತು. ಚಳಿ ಎಂದ ಇಸ್ತ್ರಿಯವನು, ಅವನಿಗೆ ಜಗತ್ತಿನ ಸಕಲ ಸಮಸ್ಯೆಗೂ ಶಾಖವೇ ಪರಿಹಾರ. ದೃಷ್ಟಿ ತಾಗಿದೆ ಎಂದ ಚಪ್ಪಲಿಯವನು, ನೋಡುತ್ತ ನಿಂತದ್ದು ತಾನೇ ಅನ್ನುವುದನ್ನು ಮರೆತು. ಮೀನು ಅಂಗಡಿಯವನು ಮಾತ್ರ, ಆಸ್ಕರ್ ಅಂದರೆ ದಿನ ಬೆಳಗಾದರೆ ಬೆಳೆಯುವ ಜಾತಿ, ಬೆಳೆಯುತ್ತಿಲ್ಲ ಅಂದರೆ ಅದು ಮೀನಿನ ತಪ್ಪಲ್ಲ ಎಂದು ಹೇಳಿ ನನ್ನ ಮುಖವನ್ನೇ ನೋಡಿದ. ಅಧಿಕಪ್ರಸಂಗಿ.

ಹೆಡ್‌ಮಾಸ್ತರರು ಇತ್ತೀಚೆಗೆ ತಳದ ಕಲ್ಲುಗಳ ಮೇಲೆ ಒಂದು ಪಕ್ಕಕ್ಕೆ ವಾಲಿ ಮಲಗಿರುತ್ತಾರೆ. ಮುನಿಸು. ಹಣೆಯ ಮೇಲೆ ಸೂಜಿ ಚುಚ್ಚಿದಂಥ ನಾಲ್ಕಾರು ಸಣ್ಣ ಗುಳಿ ಬಿದ್ದಿವೆ. ಟೈಲರ್ ಅಂಗಡಿಯಲ್ಲಿ ಇದ್ದ ಮೇಲೆ ಸೂಜಿ ತಾಗದೆ ಇರುತ್ತದೆಯೆ?

ಇತಿ,
ಟೈಲರ್


ಡಿಸೆಂಬರ್ 8

ಟೈಲರ್ ಸಾಹೇಬರಿಗೆ,

ಹಣೆಯ ಗುಳಿ ತಮಾಷೆಯ ವಿಷಯವಲ್ಲ. ಕಾಯಿಲೆ. ಕೊಳೆ ನೀರಿನಲ್ಲಿ, ಕೊರತೆಯ ಆಹಾರದಲ್ಲಿ ಬರುವ ಕಾಯಿಲೆ. ಈ ಪತ್ರ ತಲುಪಿದ ದಿನವೇ ಮೂರನೇ ಒಂದು ಭಾಗ ನೀರು ಬದಲಾಯಿಸಿ, ಮತ್ತೆ ಎರಡು ದಿನಕ್ಕೊಮ್ಮೆ.

ಬೇಟೆ ಮೀನಿನ ಬೆಳವಣಿಗೆ ನಿಧಾನವಾಗುವುದಕ್ಕೆ ಕಾರಣಗಳು ತೀರಾ ಗುಟ್ಟಿನವಲ್ಲ. ತೊಟ್ಟಿ ಸಣ್ಣದಿರುತ್ತದೆ. ಅದರ ಹೊಲಸು ಅದರ ಸುತ್ತಲೇ ಸುತ್ತುತ್ತಿರುತ್ತದೆ, ಅದನ್ನೇ ಅದು ಉಸಿರಾಡುತ್ತದೆ. ನೀರು ತಣ್ಣಗಿದ್ದರೆ ಹಸಿವು ಸಾಯುತ್ತದೆ. ಒಂದೇ ಆಹಾರ ಹಾಕುತ್ತಿದ್ದರೆ ಹೊಟ್ಟೆ ತುಂಬಿದರೂ ಮೈಗೆ ಹತ್ತುವುದಿಲ್ಲ. ಹೀಟರ್ ನೋಡಿ. ಎರೆಹುಳ ಕೊಡಿ, ಸೀಗಡಿಯ ಸಿಪ್ಪೆ ತೆಗೆಯಬೇಡಿ. ಎಷ್ಟು ಕೊಡುತ್ತಿದ್ದೀರೆಂದು ಒಂದು ಚೀಟಿಯಲ್ಲಿ ಬರೆದಿಡಿ. ಒಂದು ಅಡಿ ಆದ ತಕ್ಷಣ ನಾನೇ ಬಂದು ಕರೆದುಕೊಂಡು ಹೋಗುತ್ತೇನೆ.

ಸಣ್ಣ ತೊಟ್ಟಿಯ ವಿಷಯ ನಾನು ಓದಿ ಮಾತ್ರ ತಿಳಿದದ್ದಲ್ಲ. ಹನ್ನೊಂದು ವರ್ಷ ಒಂದೇ ಹುದ್ದೆ, ಒಂದೇ ಸ್ಟೂಲು, ಒಂದೇ ಕಿಟಕಿ. ಬೇರೆ ಊರಿಗೆ ಬಡ್ತಿ ಬಂದಾಗ ಎರಡು ಸಲ ಬೇಡವೆಂದು ಬರೆದುಕೊಟ್ಟೆ, ನೀವು ಅಂಗಡಿ ಬಿಟ್ಟು ಬರಲಾರಿರೆಂದು. ಮೂರನೇ ಸಲ ಆದೇಶ ಕೈಯಲ್ಲಿ ಹಿಡಿದು ನಿಮ್ಮ ಮಿಷನ್ ಪಕ್ಕ ಬಂದು ನಿಂತೆ. ಓದಿ ಹೇಳಿದೆ. ನೀವು ತಲೆ ಎತ್ತಲಿಲ್ಲ. “ಹೆಡ್‌ಮಾಸ್ತರರಿಗೆ ಊಟ ಆಯ್ತಾ?” ಎಂದಿರಿ.

ಆಯ್ತು ಎಂದೆ. ಆವತ್ತೇ ನನಗೂ ಆಯ್ತು.

ಎರಡನೇ ಪಕ್ಷದವಳು


ಫೆಬ್ರವರಿ 1

ಮಹಾರಾಜಶ್ರೀ ಮೇಡಂ ಅವರ ದಿವ್ಯ ಸಮ್ಮುಖಕ್ಕೆ,

ಉದ್ದ: ಹನ್ನೊಂದೂ ಕಾಲು ಇಂಚು. ಹೋದ ತಿಂಗಳೂ ಅಷ್ಟೇ, ಈ ತಿಂಗಳೂ ಅಷ್ಟೇ. ಸ್ಥಿತಪ್ರಜ್ಞರು.

ಹೆಡ್‌ಮಾಸ್ತರರು ದಿವಿನಾಗಿದ್ದಾರೆ. ಹಣೆಯ ಗುಳಿಗಳೆಲ್ಲ ಮುಚ್ಚಿ ಈಗ ಮದುಮಗನ ಹಣೆ. ಊಟ ಭರ್ಜರಿ. ಬೆಳಿಗ್ಗೆ ಎದ್ದು ತೊಟ್ಟಿಯಲ್ಲಿ ಹತ್ತು ಸುತ್ತು ವಾಯುವಿಹಾರ, ಆಮೇಲೆ ಸಿಬ್ಬಂದಿಯ ಹಾಜರಿ ತೆಗೆದುಕೊಳ್ಳುತ್ತಾರೆ, ಇಸ್ತ್ರಿಯವನು ತಡವಾಗಿ ಬಂದರೆ ಬಾಲ ಬಡಿಯುತ್ತಾರೆ. ಮೊನ್ನೆ ಒಬ್ಬ ಗಿರಾಕಿ ಕೋಟಿನ ಬಣ್ಣ ಯಾವುದಿರಲಿ ಎಂದು ಕೇಳಿದಾಗ ಕಪ್ಪು ಬಟ್ಟೆಯ ಕಡೆ ತಿರುಗಿ ನಿಂತರು. ಸಂಬಳ ನಿಗದಿ ಮಾಡೋಣ ಎಂದಿದ್ದೇನೆ. ಎತ್ತರ ಮಾತ್ರ ಬೇಡವಂತೆ, ಇರುವ ಕುರ್ಚಿಯೇ ಸಾಕಂತೆ. ಕೆಲವರ ಸ್ವಭಾವ ಹಾಗೆ.

ನೀನು ಚಿಂತೆ ಮಾಡಬೇಡ.

ಇತಿ, ಆಜ್ಞಾಧಾರಕ,
ಟೈಲರ್


ಫೆಬ್ರವರಿ 10

ಟೈಲರ್ ಸಾಹೇಬರಿಗೆ,

ನಿಮ್ಮ ಪತ್ರದಲ್ಲಿ ತಮಾಷೆ ಹೆಚ್ಚಾಗಿದೆ. ನೀವು ಏನಾದರೂ ಮುಚ್ಚಿಟ್ಟಾಗಲೆಲ್ಲ ತಮಾಷೆ ಹೆಚ್ಚಾಗುತ್ತದೆ. ಇದು ಇಪ್ಪತ್ತೊಂದು ವರ್ಷದ ಪ್ರಯೋಗದ ಫಲಿತಾಂಶ.

ಇದರ ಜೊತೆ ಒಂದು ಖಾಲಿ ಬಾಟಲಿ ಕಳಿಸಿದ್ದೇನೆ. ತೊಟ್ಟಿಯ ನೀರನ್ನು ಗಾಳಿ ಉಳಿಯದಂತೆ ಕತ್ತಿನವರೆಗೆ ತುಂಬಿಸಿ, ಬಿರಡೆ ಬಿಗಿದು, ಮುಂದಿನ ವರದಿಯ ಜೊತೆ ಕಳಿಸಿ. ಬೆಳೆಯದಿರುವ ಕಾರಣ ನೀರೇ ಹೇಳುತ್ತದೆ.

ಎರಡನೇ ಪಕ್ಷದವಳು


ಮಾರ್ಚ್ 1

ಮೇಡಂ,

ಉದ್ದ: ಹನ್ನೊಂದೂ ಕಾಲು ಇಂಚು.

ಬಾಟಲಿ ಜೊತೆಗಿದೆ. ಮೂರು ಸಲ ತೊಳೆದು ತುಂಬಿಸಿದ್ದೇನೆ. ಬೆಳಕಿಗೆ ಹಿಡಿದು ನೋಡು, ಕನ್ನಡಿ. ಒಂದು ಧೂಳಿನ ಕಣ ಸಿಕ್ಕಿದರೆ ನನ್ನ ಕತ್ತರಿಯನ್ನು ನಿನ್ನ ಪಾದಕ್ಕೆ ಒಪ್ಪಿಸುತ್ತೇನೆ. ಇಪ್ಪತ್ತೊಂದು ವರ್ಷ ನನ್ನ ಗಲೀಜಿನ ಬಗ್ಗೆ ಭಾಷಣ ಬಿಗಿದೆಯಲ್ಲ, ಈಗ ನಿನ್ನ ಇಲಾಖೆಯ ಮೊಹರು ಹಾಕಿ ನನಗೊಂದು ಸರ್ಟಿಫಿಕೇಟ್ ಕೊಡು. ಚೌಕಟ್ಟು ಹಾಕಿಸಿ ತೊಟ್ಟಿಯ ಮೇಲೆ ತೂಗುಹಾಕುತ್ತೇನೆ.

ಇತಿ,
ಟೈಲರ್


ಮಾರ್ಚ್ 7

ನೀರಿನ ಪರೀಕ್ಷಾ ವರದಿ

ಮಾದರಿ ಕಳಿಸಿದವರು: ಟೈಲರ್, ಮೊದಲನೇ ಪಕ್ಷ.
ಮಾದರಿಯ ಮೂಲ: ಮೀನಿನ ತೊಟ್ಟಿ, ಕಳಿಸಿದವರ ಹೇಳಿಕೆಯಂತೆ.
ಬಣ್ಣ: ಇಲ್ಲ. ವಾಸನೆ: ಇಲ್ಲ.
ಅಮೋನಿಯಾ: ಇಲ್ಲ.
ನೈಟ್ರೇಟ್: ಇಲ್ಲವೆನ್ನುವಷ್ಟು ಕಡಿಮೆ.
ಕ್ಲೋರಿನ್: ಇದೆ. ಎರಡು ದಿನ ಅಂಚೆಯಲ್ಲಿ ಅಲೆದು ಬಂದ ಮೇಲೂ ಇದೆ.

ಷರಾ: ಮೀನು ಇರುವ ನೀರಿನಲ್ಲಿ ಅದರ ಹೊಲಸಿನ ಗುರುತು ಇದ್ದೇ ಇರುತ್ತದೆ. ಈ ನೀರಿನಲ್ಲಿ ಯಾವ ಜೀವವೂ ಉಸಿರಾಡಿಲ್ಲ. ಇದು ಅಡುಗೆಮನೆಯ ನಲ್ಲಿಯಿಂದ ನೇರವಾಗಿ ಹಿಡಿದ ನೀರು.

ತೀರ್ಮಾನ: ಕುಡಿಯಲು ಯೋಗ್ಯವಾಗಿದೆ.

(ಸಹಿ)
ಹಿರಿಯ ಪರೀಕ್ಷಕಿ

ಯಾವತ್ತು ಸತ್ತಿತು?


ಮಾರ್ಚ್ 16

ನಿನಗೆ,

ಜನವರಿ ಹದಿನಾಲ್ಕು, ಬೆಳಿಗ್ಗೆ. ಅಂಗಡಿಯ ಬಾಗಿಲು ತೆಗೆದಾಗ ಮೇಲೆ ತೇಲುತ್ತಿತ್ತು. ಕಾಜಾ ಅಕ್ಕ ನನಗಿಂತ ಮೊದಲು ಬಂದು ಮೆಟ್ಟಿಲ ಮೇಲೆ ಕೂತಿದ್ದಳು, ಗಾಜಿನ ಬಾಗಿಲಿನಿಂದ ನೋಡಿದ್ದಳು. ಒಳಗೆ ಬಂದು ತನ್ನ ಚೀಲ ಇಟ್ಟು, “ತೆಗಿ ಅದನ್ನ, ಗಿರಾಕಿ ಬರೋ ಹೊತ್ತು” ಎಂದಳು. ಅಷ್ಟೇ.

ಕಾಯಿಲೆಯಿಂದ ಸತ್ತಿತು ಎಂದು ಬರೆಯಬಹುದು. ಸುಳ್ಳಲ್ಲ. ಆದರೆ ಕಾಯಿಲೆ ಬರಿಸಿದ್ದು ನಾನು.

ಅಕ್ಟೋಬರ್ ಒಂದನೇ ತಾರೀಖು ಹನ್ನೊಂದು ಇಂಚು ಎಂದು ಬರೆದು ಅಂಚೆಪೆಟ್ಟಿಗೆಗೆ ಹಾಕಿ ಬಂದೆ. ಬಂದು ತೊಟ್ಟಿಯ ಮುಂದೆ ಕೂತೆ. ಇನ್ನೊಂದೇ ಇಂಚು. ಎರಡು ತಿಂಗಳು. ಆಮೇಲೆ ಯಾರಿಗೆ ಬರೀತೀಯ ಎಂದು ಕಾಜಾ ಅಕ್ಕ ಕೇಳಿದ ಮಾತು ಕಿವಿಯಲ್ಲಿತ್ತು. ಆವತ್ತು ಸಂಜೆಯ ಸೀಗಡಿ ಹಾಕಲಿಲ್ಲ. ಒಂದು ದಿನ ಉಪವಾಸ ಇದ್ದರೆ ಏನಾಗುತ್ತದೆ ಎಂದುಕೊಂಡೆ. ಆಮೇಲೆ ಎರಡು ದಿನಕ್ಕೊಮ್ಮೆ ಮಾಡಿದೆ, ನವೆಂಬರಿನಲ್ಲಿ ನಾಲ್ಕು ದಿನಕ್ಕೊಮ್ಮೆ. ನಾನು ಹತ್ತಿರ ಹೋದಾಗಲೆಲ್ಲ ಗಾಜಿಗೆ ಬಂದು ಬಾಯಿ ತೆರೆಯುತ್ತಿತ್ತು. ನಾನು ಮಿಷನ್ನಿನ ದಿಕ್ಕು ಬದಲಾಯಿಸಿ, ಬೆನ್ನು ತೊಟ್ಟಿಗೆ ಬರುವಂತೆ ಕೂತೆ. ನೀರು ಬದಲಾಯಿಸಿದರೆ ಹಸಿವು ಹೆಚ್ಚಾಗುತ್ತದೆಂದು ಅದನ್ನೂ ಬಿಟ್ಟೆ. ಡಿಸೆಂಬರಿನ ಆ ಕಾಲಿಂಚು ನಾನು ಸೇರಿಸಿದ್ದು, ಪೂರ್ತಿ ನಿಂತರೆ ನಿನಗೆ ಅನುಮಾನ ಬರುತ್ತದೆಂದು. ನಿನ್ನ ಪತ್ರ ಬಂದ ಮೇಲೆ ಹೆದರಿ ಸೀಗಡಿ, ಹುಳ ಎಲ್ಲ ತಂದು ಸುರಿದೆ. ಆಗ ಅದು ತಿನ್ನಲಿಲ್ಲ.

ನೀರಿನ ಬಾಟಲಿ ಬಂದಾಗ ನಾನು ತೊಟ್ಟಿ ಒಣಗಿಸಿ ಒಂದು ತಿಂಗಳಾಗಿತ್ತು. ಕೊಳೆ ನೀರು ಕಳಿಸಿದರೆ ಬಯ್ಯುತ್ತೀಯೆಂದು ಒಳ್ಳೆಯ ನೀರು ಕಳಿಸಿದೆ. ಜೂನ್‌ನಲ್ಲೇ ನೀನು ಕ್ಲೋರಿನ್ ವಿಷಯ ಬರೆದಿದ್ದೆ. ನಾನು ನಿನ್ನ ಪತ್ರಗಳನ್ನು ಎಷ್ಟೋ ಸಲ ಓದಿದ್ದೇನೆ. ಆದರೆ ನೀರಿನ ವಿಷಯ ಬಂದಾಗ ಬಿಟ್ಟು ಓದುತ್ತಿದ್ದೆ.

ಇನ್ನೊಂದು. ಸತ್ತ ಮೇಲೆ ಅದನ್ನು ಕತ್ತರಿಸುವ ಮೇಜಿನ ಮೇಲೆ, ಬಿಳಿ ಡ್ರಿಲ್ ಬಟ್ಟೆಯ ಆ ತುಂಡಿನ ಮೇಲೆ ಮಲಗಿಸಿದೆ. ಅಭ್ಯಾಸ, ಕೊರಳಲ್ಲಿ ಟೇಪು ಇತ್ತು. ಮೈಗೆ ತಾಗಿಸಿ ಹಿಡಿದೆ. ಹನ್ನೆರಡೂ ಮುಕ್ಕಾಲು ಇಂಚು ಬಂತು. ಮೂರು ಸಲ ಹಿಡಿದೆ. ಮೂರು ಸಲವೂ ಹನ್ನೆರಡೂ ಮುಕ್ಕಾಲು.

ಸತ್ತ ಮೀನು ಉದ್ದವಾಗುತ್ತದೆಯೇ? ನಿನಗೆ ಗೊತ್ತಿರಬಹುದು. ನನಗೆ ಅರ್ಥವಾಗುತ್ತಿಲ್ಲ. ಮೂವತ್ತು ವರ್ಷ ಮೈಗೆ ಟೇಪು ತಾಗಿಸಿ ಅಳತೆ ತೆಗೆದವನು, ಇದೊಂದನ್ನು ಗಾಜಿನ ಆಚೆಯಿಂದ ತೆಗೆದೆ.

ಆ ಆದೇಶದ ವಿಷಯ. ನೀನು ಓದಿ ಹೇಳುವ ಮೊದಲೇ ನನಗೆ ಗೊತ್ತಿತ್ತು. ಹಿಂದಿನ ದಿನ ನಿನ್ನ ಚೀಲದಲ್ಲಿ ನೋಡಿದ್ದೆ. ಇಡೀ ದಿನ ಏನು ಹೇಳಬೇಕೆಂದು ಯೋಚಿಸಿದ್ದೆ. ನೀನು ಬಂದು ನಿಂತಾಗ ಬಾಯಿಗೆ ಬಂದದ್ದು ಮೀನು.

ಟೈಲರ್


ಏಪ್ರಿಲ್ 4

ಟೈಲರ್ ಸಾಹೇಬರಿಗೆ,

ಸತ್ತ ಮೀನು ಉದ್ದವಾಗುವುದಿಲ್ಲ. ನಿಮ್ಮ ಟೇಪು ಗಾಜಿನ ಮೇಲಿತ್ತು, ಮೀನು ಗಾಜಿನ ಹಿಂದೆ ನಾಲ್ಕು ಇಂಚು ಒಳಗಿತ್ತು. ಹಿಂದೆ ಇರುವುದು ಸಣ್ಣದಾಗಿ ಕಾಣುತ್ತದೆ. ನೀರು ಅದನ್ನು ಸ್ವಲ್ಪ ಹತ್ತಿರ ತರುತ್ತದೆ, ಆದರೆ ಪೂರ್ತಿ ಅಲ್ಲ. ಲೆಕ್ಕ ಹಾಕಿದರೆ ನಿಮ್ಮ ಹನ್ನೊಂದು ಇಂಚಿಗೆ ನಿಜವಾದ ಉದ್ದ ಹನ್ನೆರಡೂ ಮುಕ್ಕಾಲು, ಒಂದು ನೂಲಿನಷ್ಟು ಹೆಚ್ಚುಕಡಿಮೆ ಇರಬಹುದು. ನೀವು ಅದರ ಊಟ ನಿಲ್ಲಿಸುವ ಹೊತ್ತಿಗೆ ಅದು ಒಂದು ಅಡಿ ದಾಟಿ ತಿಂಗಳ ಮೇಲಾಗಿತ್ತು. ಆಗಸ್ಟ್‌ನಲ್ಲೇ ಅದು ನನ್ನದು.

ಈ ಲೆಕ್ಕ ನಾನು ಈಗ ಹಾಕಿದ್ದಲ್ಲ. ನವೆಂಬರಿನಲ್ಲಿ, ನಿಮ್ಮ ಉತ್ತರ ಬಂದ ದಿನ, ಅದೇ ಪತ್ರದ ಹಿಂಬದಿಯಲ್ಲಿ ಹಾಕಿದ್ದು. ಪೆನ್ಸಿಲ್ಲಿನಲ್ಲಿ ಬರೆದದ್ದು ಇನ್ನೂ ಇದೆ. ಅದನ್ನು ನೋಡುತ್ತ ಕೂತೆ. ಮುಂದಿನ ಕೋಣೆಯಲ್ಲಿ ತೊಟ್ಟಿ ತಯಾರಿತ್ತು, ನೀರು ಹದವಾಗಿತ್ತು, ಫಿಲ್ಟರ್ ಓಡುತ್ತಿತ್ತು. ಬರೆಯಬೇಕಾಗಿದ್ದದ್ದು ಒಂದು ಸಾಲು: ಮೀನು ಅಡಿ ದಾಟಿದೆ, ಬರುತ್ತೇನೆ. ನಾನು ಬರೆದ ಸಾಲು ನಿಮ್ಮ ಹತ್ತಿರ ಇದೆ. ಅಳತೆಯ ಕ್ರಮ ಸರಿಯಾಗಿಯೇ ಇದೆ, ಹಾಗೇ ಮುಂದುವರಿಸಿ ಎಂದು.

ಡಿಸೆಂಬರಿನಲ್ಲಿ ಬೆಳವಣಿಗೆ ಯಾಕೆ ನಿಧಾನ ಎಂದು ನಿಮಗೆ ಎರಡು ಪುಟ ಪಾಠ ಹೇಳಿದೆ. ಹಣೆಯ ಗುಳಿ ಎಂದು ನೀವು ಬರೆದದ್ದನ್ನು ಓದಿದ ಮೇಲೂ ಹೇಳಿದೆ. ಆವತ್ತು ಹೊರಟು ಬಂದಿದ್ದರೆ ಉಳಿಯುತ್ತಿತ್ತೇನೋ. ಒಂದು ಅಡಿ ಆದ ತಕ್ಷಣ ಬರುತ್ತೇನೆ ಎಂದು ಬರೆದೆ. ಬರುವ ದಿನವನ್ನು ನಾನೇ ಮುಂದಕ್ಕೆ ತಳ್ಳುತ್ತಿದ್ದೆ. ನೀವು ಊಟ ಕಡಿಮೆ ಮಾಡಿದಿರಿ, ನಾನು ಬಾಯಿ ಮುಚ್ಚಿಕೊಂಡೆ. ಆ ದಡ್ಡ ಪ್ರಾಣಿ ನಮ್ಮಿಬ್ಬರನ್ನೂ ನಂಬಿ ಗಾಜಿಗೆ ಬಂದು ಬಾಯಿ ತೆರೆಯಿತು.

ನಾನು ನಿಮ್ಮನ್ನು ಕ್ಷಮಿಸಿಲ್ಲ. ನನ್ನನ್ನೂ ಕ್ಷಮಿಸಿಕೊಂಡಿಲ್ಲ. ಬನ್ನಿ ಎಂದೂ ಬರೆಯುವುದಿಲ್ಲ. ಹೋಗಬೇಡ ಎಂದು ನೀವು ಬಾಯಿಬಿಟ್ಟು ಹೇಳಲಿಲ್ಲ, ಹೇಳಿದ್ದರೆ ಮೂರನೇ ಸಲವೂ ನಾನು ಬೇಡವೆಂದು ಬರೆದುಕೊಡುತ್ತಿದ್ದೆ, ಆಮೇಲೆ ಜೀವಮಾನವಿಡೀ ನಿಮ್ಮನ್ನು ದ್ವೇಷಿಸುತ್ತಿದ್ದೆ. ಅದರ ಬದಲು ಇದಾಯಿತು. ಯಾವುದು ಮೇಲೋ ಗೊತ್ತಿಲ್ಲ.

ವಕೀಲ ಮಾವನನ್ನು ಕೇಳಿದೆ. ಮೀನು ಸತ್ತ ಸಂದರ್ಭಕ್ಕೆ ಒಪ್ಪಂದದಲ್ಲಿ ಏನೂ ಇಲ್ಲವಂತೆ. ಪತ್ರ ನಿಲ್ಲಿಸಬೇಕಾದ್ದು ಮೀನು ನನ್ನ ಕೈಸೇರಿದ ದಿನ. ಅದು ಇನ್ನು ಸೇರುವುದಿಲ್ಲ. ಹಾಗಾಗಿ ಆರನೇ ನಿಬಂಧನೆ ಹಾಗೇ ಉಳಿಯುತ್ತದೆ. ಪ್ರತಿ ಒಂದನೇ ತಾರೀಖು ನೀವು ಬರೆಯತಕ್ಕದ್ದು, ನಾನು ಓದತಕ್ಕದ್ದು, ನಮ್ಮಲ್ಲಿ ಒಬ್ಬರು ಇಲ್ಲವಾಗುವವರೆಗೆ. ಮಾವ ಇದನ್ನು ಹೇಳಿ ಜೋರಾಗಿ ನಕ್ಕರು. ನಮಗಿಬ್ಬರಿಗೂ ಬೇಕಾಗಿದ್ದದ್ದು ಸಿಕ್ಕಿದೆ, ಟೈಲರ್ ಸಾಹೇಬರೇ. ಏನು ಬರೆಯುತ್ತೀರೋ ನೋಡೋಣ.

ಎರಡನೇ ಪಕ್ಷದವಳು


ಮೇ 1

ನಿನಗೆ,

ಉದ್ದ: ಹನ್ನೆರಡೂ ಮುಕ್ಕಾಲು ಇಂಚು. ಹೋದ ತಿಂಗಳಿನಷ್ಟೇ.

ಒಂದು ತಮಾಷೆ ಬರೆಯೋಣವೆಂದು ಬೆಳಿಗ್ಗೆಯಿಂದ ಕೂತಿದ್ದೇನೆ. ಬರುತ್ತಿಲ್ಲ.

ಟೈಲರ್